ಹೊಗಳುವ ಹೆಡ್‌ಮಾಸ್ತರರ ಮೇಲೊಂದು ಸಂಶಯ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಬೈಯುವುದು ಮುಖ್ಯೋಪಾಧ್ಯಾಯರ ಕರ್ತವ್ಯವೆಂದೂ ಬೈಸಿಕೊಳ್ಳುವುದು ಶಿಕ್ಷಕರ ಸೇವಾ ನಿಯಮವೆಂದೂ ನಾವೆಲ್ಲ ಶ್ರದ್ಧೆಯಿಂದ ನಂಬಿದ್ದೆವು. ಆದ್ದರಿಂದ ಯಡ್ರಾಮಿಯ ಆಚೆಗಿನ ನಮ್ಮ ಹಳ್ಳಿಯ ಶಾಲೆಗೆ ಬಂದ ಹೊಸ ಹೆಡ್‌ಮಾಸ್ತರರು ಬಂದ ವಾರವೇ ನನ್ನನ್ನು ಹೊಗಳಿದಾಗ ನನಗೆ ಸಂತೋಷವೇನೂ ಆಗಲಿಲ್ಲ. ಭಯವಾಯಿತು.

ಹಿಂದಿನ ಹೆಡ್‌ಮಾಸ್ತರರ ಕಾಲದಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಅವರು ಕಚೇರಿಯಲ್ಲಿ ಕುಳಿತವರೇ ಅಲ್ಲ. ಕೈಯಲ್ಲಿ ಬೆತ್ತ ಹಿಡಿದು ಇಡೀ ದಿನ ವರಾಂಡದಲ್ಲಿ ತಿರುಗುತ್ತಿದ್ದರು. ಅವರ ಚರ್ಮದ ಚಪ್ಪಲಿಗಳು ಅವರಿಗಿಂತ ಮೊದಲೇ ಬರುತ್ತಿದ್ದವು. ಆ ಸಪ್ಪಳ ಸಮೀಪಿಸಿದಾಗ ನಾನು ಎದ್ದು ನಿಂತು ಬೋರ್ಡಿನ ಮೇಲೆ ಏನಾದರೊಂದು ಬರೆಯುತ್ತಿದ್ದೆ. ಅವರು ಬಾಗಿಲಲ್ಲಿ ನಿಂತು, "ಏನ್ ನಡಸೀರಿ ಇಲ್ಲೆ? ಪಾಠ ನಡಸೀರೋ, ಸಂತಿ ನಡಸೀರೋ?" ಎಂದು ಗುಡುಗುತ್ತಿದ್ದರು. ಸಪ್ಪಳ ದೂರವಾದ ಮೇಲೆ ನಾನು ಕುಳಿತುಕೊಳ್ಳುತ್ತಿದ್ದೆ. ಮೇಲ್ವಿಚಾರಣೆ ಎಂಬ ಶಬ್ದಕ್ಕೆ ಇದಕ್ಕಿಂತ ಬೇರೆ ಅರ್ಥವಿದೆಯೆಂದು ನಮಗೆ ಯಾರೂ ಹೇಳಿರಲಿಲ್ಲ.

ಆ ಕಾಲದ ಇನ್ನೊಂದು ವ್ಯವಸ್ಥೆಗೆ ಶನಿವಾರದ ಪಾಳಿ ಎಂದು ಹೆಸರು. ಶನಿವಾರ ಮುಂಜಾನೆಯ ಶಾಲೆ. ಆದರೆ ಜೇವರ್ಗಿಗೆ ಹೋಗುವ ಬಸ್ಸು ಕೊನೆಯ ಗಂಟೆ ಬಾರಿಸುವ ಮೊದಲೇ ಊರು ಬಿಡುತ್ತಿತ್ತು. ಅದಕ್ಕಾಗಿ ಕೊನೆಯ ಅವಧಿಯಲ್ಲಿ ಎಲ್ಲ ತರಗತಿಗಳ ಮಕ್ಕಳನ್ನೂ ಅಂಗಳಕ್ಕೆ ತಂದು, ಪಾಳಿಯಿದ್ದ ಶಿಕ್ಷಕರೊಬ್ಬರು ಸಾಮೂಹಿಕ ಕವಾಯತು ಮಾಡಿಸುತ್ತಿದ್ದರು. ಉಳಿದವರು ಬೇವಿನ ಕಟ್ಟೆಯ ಬಳಿ ಬಸ್ಸು ಹತ್ತುತ್ತಿದ್ದರು. ಹೆಡ್‌ಮಾಸ್ತರರೂ ಅದೇ ಬಸ್ಸಿಗೆ ಹೋಗುವವರೇ. ಆದರೆ ಶಿಸ್ತಿನ ಪ್ರಶ್ನೆಯಿತ್ತಲ್ಲ. ಅವರು ಹೊಲದ ಬದುವಿನ ಮೇಲೆ ನಡೆದು ಮುಂದಿನ ನಿಲ್ದಾಣದಲ್ಲಿ ಹತ್ತುತ್ತಿದ್ದರು. ಬಸ್ಸಿನೊಳಗೆ ಅವರು ಮುಂದಿನ ಸೀಟಿನಲ್ಲಿ, ನಾವು ಹಿಂದೆ. ಜೇವರ್ಗಿ ಬರುವವರೆಗೆ ಅವರು ಕತ್ತು ಹೊರಳಿಸುತ್ತಿರಲಿಲ್ಲ, ನಾವು ಕೆಮ್ಮುತ್ತಿರಲಿಲ್ಲ.

ಆ ಬಸ್ಸು ನನಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು. ನನ್ನ ಹೆಂಡತಿ ಆಳಂದ ತಾಲ್ಲೂಕಿನ ಮಟಕಿಯಲ್ಲಿ ಶಿಕ್ಷಕಿ. ಮದುವೆಯಾದಂದಿನಿಂದ ಅವಳು ಜಿಲ್ಲೆಯ ಆ ತುದಿ, ನಾನು ಈ ತುದಿ. ಶನಿವಾರ ಹೊರಟು ಜೇವರ್ಗಿ, ಕಲಬುರ್ಗಿ, ಆಳಂದ ಎಂದು ಬಸ್ಸು ಬದಲಿಸುತ್ತ ಹೋದರೆ, ಭಾನುವಾರ ಮಧ್ಯಾಹ್ನದವರೆಗೆ ನಾನು ಸಂಸಾರಸ್ಥ. ಆಮೇಲೆ ಮತ್ತೆ ಒಂಟಿ ಮಾಸ್ತರ. ವರ್ಗಾವಣೆಗೆ ಅರ್ಜಿ ಹಾಕಿದ್ದೆ. ಅದು ಹೆಡ್‌ಮಾಸ್ತರರ ಶಿಫಾರಸಿಲ್ಲದೆ ಶಾಲೆಯಿಂದ ಹೊರಬೀಳುವಂತಿರಲಿಲ್ಲ. ಹಿಂದಿನವರು, "ನೋಡೋಣ" ಎನ್ನುತ್ತಲೇ ನಿವೃತ್ತರಾದರು. ಹೀಗೆ ನನ್ನ ಸಂಸಾರದ ಭವಿಷ್ಯ ಹೊಸಬರ ಕೈಗೆ ಬಂತು.

ಹೊಸಬರು ಅಫಜಲಪುರದ ಕಡೆಯವರು. ಸಣ್ಣ ಆಳು, ಸಣ್ಣ ದನಿ. ಬಂದವರೇ ಬೆತ್ತವನ್ನು ಮೂಲೆಯ ಕಪಾಟಿನ ಮೇಲಿಟ್ಟರು. ಪ್ರಾರ್ಥನೆ ಮುಗಿದ ಮೇಲೆ ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕುರ್ಚಿಯಲ್ಲಿ ಕುಳಿತರೆಂದರೆ ಮಧ್ಯಾಹ್ನದ ಗಂಟೆಯವರೆಗೆ ಹೊರಗೆ ಬರುತ್ತಿರಲಿಲ್ಲ. ಎರಡು ದಿನ ನಾವು ಬಹಳ ಸುಖವಾಗಿದ್ದೆವು.

ಮೂರನೆಯ ದಿನ ನಾನು ಭೂಗೋಳದ ಪಾಠ ಮಾಡಿದೆ. ಭೀಮಾ ನದಿಯ ಪಾಠ. ಅಂದು ಯಾಕೋ ಹುರುಪು ಬಂದಿತ್ತು. ತಂಬಿಗೆಯ ನೀರನ್ನು ತರಗತಿಯ ಪರಸಿ ಕಲ್ಲಿನ ನೆಲದ ಮೇಲೆ ಸುರಿದು, ಹರಿದ ಗೆರೆಯ ದಂಡೆಯ ಮೇಲೆ ಮಕ್ಕಳನ್ನು ಒಂದೊಂದು ಊರು ಮಾಡಿ ನಿಲ್ಲಿಸಿದೆ. ಒಬ್ಬ ಅಫಜಲಪುರ, ಒಬ್ಬ ಜೇವರ್ಗಿ. ಆಳಂದವಾಗಿ ದೂರ ನಿಂತ ಹುಡುಗಿ, "ಸರ್ರೀ, ನಮ್ಮೂರಿಗೆ ಹೊಳೀನೇ ಬರಲಿಲ್ಲರೀ" ಎಂದು ಅಳುಮೋರೆ ಮಾಡಿದಳು. ಅವಳ ಕಾಲ ಬಳಿ ಇನ್ನಷ್ಟು ನೀರು ಸುರಿದು ಅಮರ್ಜಾ ನದಿಯನ್ನು ಹರಿಸಿ, ಭೀಮೆಗೆ ಕೂಡಿಸಿ, ಸಮಾಧಾನ ಮಾಡಿದೆ.

ಮಧ್ಯಾಹ್ನ ಹೆಡ್‌ಮಾಸ್ತರರು ನನ್ನನ್ನು ಕಂಡವರೇ ಹೇಳಿದರು: "ಹೊಳಿ ಪಾಠ ಭಾಳ ಛಂದ ಆತ್ರಿ, ಮಾಸ್ತರ. ಆ ಹುಡುಗಿಗೆ ಅಮರ್ಜಾ ಕೊಟ್ರಿ ನೋಡ್ರಿ, ಅದು ಬರೋಬ್ಬರಿ."

ಇವರಿಗೆ ಹೇಗೆ ಗೊತ್ತಾಯಿತು? ಅವರು ವರಾಂಡದಲ್ಲಿ ಕಾಲಿಟ್ಟಿರಲಿಲ್ಲ. ನಾನು ನನ್ನ ಅನುಮಾನವನ್ನು ಗಣಿತದ ಮಾಸ್ತರರ ಮುಂದಿಟ್ಟೆ. ಅವರು ಜೇವರ್ಗಿಯ ಮುಸಲ್ಮಾನರು. ಲೆಕ್ಕದಷ್ಟೇ ಅನುಮಾನದಲ್ಲೂ ಗಟ್ಟಿಗರು. "ಅರೇ ಭಾಯಿ, ನಿನಗೊಬ್ಬನಿಗೇ ಅಲ್ಲ. ನಾನು ಭಿನ್ನರಾಶಿಗೆ ಜ್ವಾಳದ ಭಕ್ರಿ ನಾಕು ಪಾಲು ಹರದು ತೋರ್ಸಿದ್ದು ಅವರಿಗೆ ಮಾಲೂಮ ಅದ. ಪಾವು ಭಕ್ರಿ ನಾನ ತಿಂದದ್ದೂ ಮಾಲೂಮ ಅದ!"

ಪಾಠ ಮಾಡುವ ನಮ್ಮ ಮೂವರಲ್ಲಿ ಉಳಿದವರು ಹಿಂದಿ ಕಲಿಸುತ್ತಿದ್ದ ಅಕ್ಕೋರು. ಅವರಿಗೂ ಇದೇ ಗತಿ. ಮಾತೇ ಆಡದ ಹುಡುಗನೊಬ್ಬನ ಬಾಯಿಂದ ಅವರು ಒಂದು ವಾಕ್ಯ ಹೊರಡಿಸಿದ್ದರು. ಹೆಡ್‌ಮಾಸ್ತರರು ಆ ವಾಕ್ಯವನ್ನೇ ಅವರಿಗೆ ಒಪ್ಪಿಸಿ, "ನಿಮ್ಮ ತಾಳ್ಮಿಗೆ ಶರಣು, ಅಕ್ಕೋರೆ" ಎಂದಿದ್ದರಂತೆ. ಅಕ್ಕೋರು ಊಟದ ಡಬ್ಬಿಯನ್ನು ಹಾಗೆಯೇ ಮುಚ್ಚಿಬಿಟ್ಟರು.

ಬೈದರೆ ಉತ್ತರ ಕೊಡಬಹುದು, ಹೊಟ್ಟೆಯೊಳಗೆ ಬೈದುಕೊಳ್ಳಬಹುದು. ಹೊಗಳಿದವರನ್ನು ಏನು ಮಾಡಬೇಕೆಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಒಳ್ಳೆಯದನ್ನು ಇಷ್ಟು ವಿವರವಾಗಿ ತಿಳಿದ ಮನುಷ್ಯನಿಗೆ ಕೆಟ್ಟದ್ದು ಎಷ್ಟು ವಿವರವಾಗಿ ತಿಳಿದಿರಬೇಕು ಎಂಬ ಲೆಕ್ಕ ನಮ್ಮ ನಿದ್ದೆ ಕೆಡಿಸಿತು. ಅದನ್ನೆಲ್ಲ ಅವರು ಎಲ್ಲಿ ಕೂಡಿಡುತ್ತಿದ್ದಾರೆ? ಯಾರ ಮುಂದೆ ಒಂದು ದಿನ ಬಿಚ್ಚುತ್ತಾರೆ?

ಗಣಿತದ ಮಾಸ್ತರರು ತನಿಖೆ ಕೈಗೊಂಡರು. ಹೆಡ್‌ಮಾಸ್ತರರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದು ಬಾಗಿಲ ಮರೆಯಲ್ಲಿ ನಿಲ್ಲುತ್ತಾರೆಂಬುದು ಅವರ ಮೊದಲ ಸಿದ್ಧಾಂತ. ಸೀಮೆಸುಣ್ಣದ ಪುಡಿಗೆ ಶಾಲೆಯಲ್ಲಿ ಬರವಿಲ್ಲವಲ್ಲ. ಅದನ್ನು ವರಾಂಡದ ಉದ್ದಕ್ಕೂ ತೆಳ್ಳಗೆ ಉದುರಿಸಿದರು. ಮಧ್ಯಾಹ್ನ ನಾವು ಮೂವರೂ ಬಗ್ಗಿ ಪರಿಶೀಲಿಸಿದೆವು. ಕೋಳಿಯ ಹೆಜ್ಜೆ ಸಿಕ್ಕವು, ನೀರು ಕುಡಿಯಲು ಹೋದ ಮಕ್ಕಳ ಹೆಜ್ಜೆ ಸಿಕ್ಕವು. ದೊಡ್ಡವರ ಹೆಜ್ಜೆ ಒಂದೂ ಇರಲಿಲ್ಲ. ಅಷ್ಟರಲ್ಲಿ ಕಚೇರಿಯ ಬಾಗಿಲಲ್ಲಿ ಹೆಡ್‌ಮಾಸ್ತರರು ಕಾಣಿಸಿಕೊಂಡು, "ಏನರ ಕಳೀತೇನ್ರಿ?" ಎಂದು ಕನಿಕರದಿಂದ ಕೇಳಿದರು. "ಗುಂಡಿ, ಸರ. ಅಂಗಿ ಗುಂಡಿ" ಎಂದರು ಗಣಿತದ ಮಾಸ್ತರರು. ಹೆಡ್‌ಮಾಸ್ತರರೂ ಬಂದು ಬಗ್ಗಿ ಹುಡುಕಿದರು. ಅವರ ಹೆಜ್ಜೆ ಆಗ ಮೂಡಿದವು.

ಬರಿಗಾಲಿನ ಸಿದ್ಧಾಂತ ಬಿದ್ದ ಮೇಲೆ ಉಳಿದದ್ದು ಒಂದೇ: ನಮ್ಮಲ್ಲೇ ಒಬ್ಬರು ಚಾಡಿ ಹೇಳುತ್ತಿದ್ದಾರೆ. ನನಗೆ ಅಕ್ಕೋರ ಮೇಲೆ ಸಂಶಯ ಬಂತು, ಅಕ್ಕೋರಿಗೆ ಗಣಿತದವರ ಮೇಲೆ. ಆದರೆ ಕೂಡಿಸಿ ಕಳೆದು ನೋಡಿದಾಗ ಇಬ್ಬರೂ ನನ್ನ ಕಡೆಗೇ ತಿರುಗಿದರು. ಅಕ್ಕೋರು ಗೋಡೆಗೆ ಹೇಳಿದಂತೆ ಹೇಳಿದರು: "ಯಾರಿಗೆ ವರ್ಗ ಬೇಕಾಗ್ಯಾದೋ, ಅವರೇ ಹೋಗಿ ಒದರಾಕತ್ತಾರ. ನಮಗೇನು, ನಾವು ಇದೇ ತಾಲ್ಲೂಕಿನವರು." ವಾದದಲ್ಲಿ ದೋಷವಿರಲಿಲ್ಲ. ನಾನು ಅವರ ಸ್ಥಾನದಲ್ಲಿದ್ದರೂ ನನ್ನನ್ನೇ ಹಿಡಿಯುತ್ತಿದ್ದೆ.

ಈ ಸಂಶಯದ ವಾತಾವರಣದಲ್ಲಿ ಶಾಲೆಗೆ ಒಂದು ವಿಚಿತ್ರ ರೋಗ ಅಂಟಿತು. ನಾವು ಪಾಠ ಮಾಡಲು ಶುರು ಮಾಡಿದೆವು. ಎಲ್ಲಿಂದ ನೋಡುತ್ತಾರೋ, ಯಾರಿಂದ ಕೇಳುತ್ತಾರೋ ತಿಳಿಯದ ಮೇಲೆ ಯಾವ ಹೊತ್ತಿನಲ್ಲಿ ಎದ್ದು ನಿಲ್ಲಬೇಕೆಂಬುದೂ ತಿಳಿಯುವಂತಿರಲಿಲ್ಲ. ಹಾಗಾಗಿ ಇಡೀ ದಿನ ನಿಂತೇ ಇರುತ್ತಿದ್ದೆವು. ಹಿಂದಿನ ದಿನವೇ ಪಾಠ ಓದಿಕೊಂಡು ಬರುತ್ತಿದ್ದೆವು. ಊರವರು ಇದನ್ನು ನಿಷ್ಠೆಯೆಂದು ತಿಳಿದರು. ನಾವು ತಿದ್ದಲಿಲ್ಲ.

ಶನಿವಾರದ ಪಾಳಿಯ ಬಗ್ಗೆ ಹೆಡ್‌ಮಾಸ್ತರರು ತುಟಿ ಬಿಚ್ಚಿರಲಿಲ್ಲ. ಆದ್ದರಿಂದ ಬಸ್ಸಿಗೆ ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ. ಕೆಲವು ಶನಿವಾರ ನಾನು ತರಗತಿಯಲ್ಲಿ ನಿಂತು, ಬೇವಿನ ಕಟ್ಟೆಯ ಬಳಿ ಬಸ್ಸು ಬಂದದ್ದನ್ನೂ ಹಾರ್ನ್ ಹೊಡೆದದ್ದನ್ನೂ ನನ್ನ ಹೆಂಡತಿಯ ಕಡೆಗೆ ನನ್ನನ್ನು ಬಿಟ್ಟು ಹೋದದ್ದನ್ನೂ ಕೇಳಿಸಿಕೊಂಡೆ. ಒಂದು ದಿನ ಹೆಡ್‌ಮಾಸ್ತರರು ನಮ್ಮನ್ನೆಲ್ಲ ಕರೆದರು. "ಊರ ಹಿರಿಯರನ್ನ ಕೇಳೇನಿ, ಒಪ್ಯಾರ. ಬಸ್ಸು ನಮ್ಮ ಸಲುವಾಗಿ ನಿಲ್ಲಂಗಿಲ್ಲ, ಆದ್ರ ಗಂಟಿ ನಮ್ಮ ಕೈಯಾಗ ಅದಲ್ಲರಿ. ಶನಿವಾರ ಒಂದ ತಾಸು ಮುಂಚೆ ಶುರು ಮಾಡೋಣ. ಪಾಠ ಪೂರಾ ಮುಗಸ್ರಿ, ಆರಾಮ ಬಸ್ ಹತ್ರಿ."

ಇಷ್ಟು ವರ್ಷ ಕದ್ದು ಪಡೆದದ್ದನ್ನು ಈ ಮನುಷ್ಯ ಹಗಲು ಹೊತ್ತಿನಲ್ಲಿ ಕೈಯಲ್ಲಿಡುತ್ತಿದ್ದಾನೆ. ಹೊರಗೆ ಬಂದು ಗಣಿತದ ಮಾಸ್ತರರು, "ಇದರ ಹಿಂದ ಏನೋ ಅದ" ಎಂದರು. ಅಕ್ಕೋರೂ ಒಪ್ಪಿದರು. ಆ ಶನಿವಾರ ನಾವು ಹೊಲಗಳ ಕಡೆ ನೋಡುತ್ತ, ತಲೆ ತಗ್ಗಿಸಿ, ಅಪರಾಧಿಗಳಂತೆ ಬಸ್ಸು ಹತ್ತಿದೆವು. ಅಭ್ಯಾಸ ಹೋಗಿರಲಿಲ್ಲ.

ಮಟಕಿಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳಿಗೆ ಇಲಾಖೆಯ ಅನುಭವ ನನಗಿಂತ ಹೆಚ್ಚು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಹೊಗಳಾಕತ್ತಾರ? ಹಂಗಾದ್ರ ಮುಗೀತು ತೊಗೋರಿ. ನಿಮ್ಮನ್ನ ಬಿಡಂಗಿಲ್ಲ."

"ಯಾಕ ಬಿಡಂಗಿಲ್ಲ?"

"ನಮ್ಮ ಸಾಲ್ಯಾಗ ಒಬ್ಬ ಅಕ್ಕೋರಿದ್ರು. ಅವರ ಪಾಠ ಕೇಳಿ ಸಾಹೇಬರು ತಲಿ ತೂಗಿದ್ರು. ಈಕಿ ಹೋದ್ರ ಸಾಲಿ ನಡೆಂಗಿಲ್ಲ ಅಂತ ಬರದು ಕೂಡ್ರಿಸಿದ್ರು. ಇನ್ನೂ ಅಲ್ಲೇ ಕುಂತಾರ, ಗಂಡ ಬೀದರದಾಗ. ನಿಮಗ್ಯಾಕ ಬೇಕಿತ್ತು ಆ ಹೊಳಿ ಆಟ?"

ಆಗ ಎಲ್ಲವೂ ಹೊಳೆಯಿತು. ಹೊಗಳಿಕೆಯ ಒಳಗಿನ ಹುನ್ನಾರ ಇದೇ. ಒಂದೊಂದು ಹೊಗಳಿಕೆಯೂ ನನ್ನನ್ನು ಯಡ್ರಾಮಿಯ ಆಚೆಗೆ ಬಿಗಿಯುವ ಒಂದೊಂದು ಮೊಳೆ. ಮರಳಿ ಬಂದು ಗಣಿತದ ಮಾಸ್ತರರಿಗೆ ಹೇಳಿದೆ. ಚಾಡಿಕೋರನೆಂದು ನನ್ನೊಡನೆ ಮಾತು ಬಿಟ್ಟಿದ್ದರೂ, ಇಂಥ ವಿಷಯದಲ್ಲಿ ಸಲಹೆ ಕೊಡದಿರಲು ಅವರಿಂದಾಗಲಿಲ್ಲ. "ನಮ್ಮ ಅಬ್ಬಾನ ಹಂತೇಲಿ ಒಂದು ಎತ್ತು ಇತ್ತು. ಹೊಲ ಉಳೋ ಗಳೆಗೆ ಭಾಳ ಚಲೋ. ಎಷ್ಟ ಮಂದಿ ಕೇಳಿದ್ರೂ ಅಬ್ಬಾ ಅದನ್ನ ಮಾರಲಿಲ್ಲ. ಇನ್ನೊಂದು ಗಳ್ಯಾಗ ಮಲಗ್ತಿತ್ತು. ಅದನ್ನ ಮೊದಲನೇ ಸಂತಿಗೇ ಹೊಡದು ಮಾರಿದ ನೋಡು. ತಿಳೀತೇನು?"

"ನಾನು ಗಳ್ಯಾಗ ಮಲಗಬೇಕು?"

"ಮಲಗು, ಭಾಯಿ. ವರ್ಗ ಆಗ್ತದ."

ಸೋಮವಾರದಿಂದ ನಾನು ಮಲಗಿದೆ. ಅದೇನೂ ಹೊಸ ವಿದ್ಯೆಯಾಗಿರಲಿಲ್ಲ. ಹಿಂದಿನ ಹೆಡ್‌ಮಾಸ್ತರರ ಕಾಲದ ಪಾಠವನ್ನು ಮತ್ತೆ ಹೊರತೆಗೆದೆನಷ್ಟೆ. ಕುರ್ಚಿಯಲ್ಲಿ ಕುಳಿತು, ಪುಸ್ತಕವನ್ನು ಮುಖದ ಮುಂದೆ ಹಿಡಿದು, ಮಳೆಗಾಲದ ಎಮ್ಮೆಯ ದನಿಯಲ್ಲಿ ಓದುತ್ತಿದ್ದೆ. ನಡುವೆ ಆಕಳಿಸುತ್ತಿದ್ದೆ. "ಓದ್ಕೋರಿ, ಬರ್ಕೋರಿ, ಗದ್ದಲ ಮಾಡಬ್ಯಾಡ್ರಿ" ಎಂಬ ಮೂರು ಮಂತ್ರಗಳಿಂದ ಗಂಟೆ ಕಳೆಯುತ್ತಿತ್ತು.

ಹೆಡ್‌ಮಾಸ್ತರರು ನನ್ನನ್ನು ಬೈಯಲಿಲ್ಲ. ದಿನಾ ಮಧ್ಯಾಹ್ನ ಇನ್ನಿಬ್ಬರಿಗೆ ಏನಾದರೊಂದು ಒಳ್ಳೆಯ ಮಾತು ಹೇಳಿ, ನನ್ನ ಹತ್ತಿರ ಬಂದಾಗ, "ಊಟ ಆತೇನ್ರಿ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಹಿಂದಿನವರ ಗುಡುಗಿಗೆ ನಾನು ಎಂದೂ ಹೆದರಿರಲಿಲ್ಲ. ಈ ಊಟದ ವಿಚಾರಣೆಗೆ ಹೆದರಿ ಅರ್ಧ ರೊಟ್ಟಿಗೇ ಡಬ್ಬಿ ಮುಚ್ಚುತ್ತಿದ್ದೆ.

ಶುಕ್ರವಾರ ಸಂಜೆ ಅವರು ಹೇಳಿದರು: "ನಾಳಿಗೆ ನಾನು ಕಲಬುರ್ಗಿಗೆ ಹೋಗ್ತೇನಿ, ಆಫೀಸಿನ್ಯಾಗ ಕೆಲಸ ಅದ. ನೀವು ನನ್ನ ಕುರ್ಚಿ ಮ್ಯಾಲೆ ಕೂಡ್ರಿ. ನಿಮ್ಮ ಹುಡುಗರಿಗೆ ಏನರ ಬರೀಲಿಕ್ಕೆ ಕೊಡ್ರಿ. ಎಲ್ಲರೂ ಹೋದ ಮ್ಯಾಲೆ ಕೀಲಿ ಹಾಕ್ಕೊಂಡು ಹೋಗ್ರಿ."

ಕೊನೆಯ ಮಗುವೂ ಹೋದ ಮೇಲೆ ಕೋಣೆ ಕೋಣೆಗೂ ಕೀಲಿ ಹಾಕಿ ಹೊರಟರೆ, ಹೊಸ ವೇಳೆಯಲ್ಲೂ ಬಸ್ಸು ತಪ್ಪುತ್ತದೆ. ಶಿಕ್ಷೆ ಶುರುವಾಯಿತೆಂದು ತಿಳಿದೆ. ಅವರು ಕಚೇರಿಗೆ ಹೋಗುತ್ತಿರುವುದು ನನ್ನ ಮೇಲೆ ವರದಿ ಒಪ್ಪಿಸಲಿಕ್ಕೇ ಎಂಬುದರಲ್ಲೂ ಸಂಶಯ ಉಳಿಯಲಿಲ್ಲ.

ಶನಿವಾರ ಆ ಕುರ್ಚಿಯಲ್ಲಿ ಕುಳಿತೆ. ಇಷ್ಟು ವರ್ಷದಲ್ಲಿ ನಾವು ಆ ಕೋಣೆಗೆ ಹೋಗುತ್ತಿದ್ದದ್ದು ಮುಂಜಾನೆ ಸಹಿ ಮಾಡಲು, ಸಂಜೆ ಕೀಲಿ ಕೊಡಲು. ಅಂದರೆ ತರಗತಿಗಳು ನಡೆಯದ ಹೊತ್ತಿನಲ್ಲಿ. ಪಾಠಗಳು ನಡೆಯುವಾಗ ಅಲ್ಲಿ ಸುಮ್ಮನೆ ಕುಳಿತವರು ಹೊಸ ಹೆಡ್‌ಮಾಸ್ತರರೊಬ್ಬರೇ. ಮೊದಲು ನನಗೆ ಕೇಳಿಸಿದ್ದು ಗಣಿತದ ಮಾಸ್ತರರ ದನಿ. ಅವರು ನನ್ನ ಕಿವಿಯಲ್ಲೇ ಕೇಳಿದರು: "ಪಾವು ಭಕ್ರಿಗೆ ಪಾವು ಭಕ್ರಿ ಕೂಡಿದ್ರ?" ನಾನು ಬೆಚ್ಚಿ ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಅಕ್ಕೋರು ಯಾರಿಗೋ, "ಹಗೂರಕ ಹೇಳಪ್ಪ, ಗಡಬಡಿ ಇಲ್ಲ" ಎಂದರು. ಅದೂ ನನ್ನ ಕಿವಿಯಲ್ಲೇ.

ತಲೆಯೆತ್ತಿದೆ. ಕೋಣೆ ಕೋಣೆಗಳ ನಡುವಿನ ಗೋಡೆಗಳು ಎರಡಾಳೆತ್ತರಕ್ಕೆ ಬಂದು ನಿಂತುಬಿಟ್ಟಿದ್ದವು. ಕಟ್ಟಿದವರಿಗೆ ಕಲ್ಲು ತೀರಿತೋ ಉತ್ಸಾಹ ತೀರಿತೋ, ಅದರ ಮೇಲೆ ಛಾವಣಿಯ ತಗಡಿನ ಪತ್ರಾದವರೆಗೆ ಬರೀ ಬಯಲು. ಇದನ್ನು ನಾವು ದಿನಾ ನೋಡುತ್ತಿದ್ದೆವು. ಆದರೆ ನಮ್ಮ ನಮ್ಮ ತರಗತಿಯ ಗದ್ದಲದೊಳಗೆ ನಿಂತವರಿಗೆ ಪಕ್ಕದ ಕೋಣೆಯದು ಬರೀ ಗುಯ್‌ಗುಟ್ಟುವಿಕೆ. ಇಳಿಜಾರಾದ ಪತ್ರಾ ಅದನ್ನೆಲ್ಲ ಸೋಸಿ, ಶಬ್ದ ಶಬ್ದವಾಗಿ ಈ ಮೂಲೆಯ ಕುರ್ಚಿಗೆ ತಂದು ಸುರಿಯುತ್ತದೆಂದು ಯಾರಿಗೆ ಗೊತ್ತು?

ಚಾಡಿಕೋರ ಸಿಕ್ಕಿದ್ದ. ನನಗೆ ನಗು ಬರುವಷ್ಟರಲ್ಲಿ ಮೂರನೆಯ ದನಿ ಬಂತು, ನನ್ನದೇ ತರಗತಿಯಿಂದ. ಆಳಂದವಾಗಿ ನಿಂತಿದ್ದ ಹುಡುಗಿ. ನಾನಿಲ್ಲದ ಹೊತ್ತಿನಲ್ಲಿ ಅವಳು ಮಾಸ್ತರನಾಗಿದ್ದಳು. ಮಳೆಗಾಲದ ಎಮ್ಮೆಯ ದನಿಯಲ್ಲಿ ಓದಿದಳು. ಉದ್ದಕ್ಕೆ ಆಕಳಿಸಿದಳು. "ಓದ್ಕೋರಿ, ಬರ್ಕೋರಿ, ಗದ್ದಲ ಮಾಡಬ್ಯಾಡ್ರಿ" ಎಂದಳು. ಇಡೀ ತರಗತಿ ನಕ್ಕಿತು. ನಗು ಮುಗಿದ ಮೇಲೆ ಯಾರೋ ಕೇಳಿದರು: "ಸರ್ರಿಗೆ ಆರಾಮಿಲ್ಲೇನ್ ಬೇ? ಹೊಳಿ ಆಟ ಯಾಕ ಆಡ್ಸವಲ್ರು?"

"ಅವರಿಗೆ ನಾವು ಬ್ಯಾಸರಾಗೇವಿ" ಎಂದಳು ಹುಡುಗಿ.

ಬಸ್ಸಿನ ಹಾರ್ನ್ ಆ ಕುರ್ಚಿಗೆ ಅಷ್ಟಾಗಿ ಕೇಳಿಸುವುದಿಲ್ಲವೆಂಬುದೂ ಅಂದು ತಿಳಿಯಿತು.

ಸೋಮವಾರ ಹೆಡ್‌ಮಾಸ್ತರರು ಬಂದರು. "ಕುರ್ಚಿ ಹ್ಯಾಂಗಿತ್ತರಿ?" ಎಂದು ಕೇಳಿದರು.

"ಭಾಳ ಕೇಳಸ್ತದರಿ."

"ಹೌದ್ರಿ" ಎಂದು ಅವರು ಪತ್ರಾದ ಕಡೆ ನೋಡಿದರು. "ನಾನು ಮೊದಲನೇ ದಿನಾನೇ ಹೇಳಬೇಕಂತಿದ್ದೆ. ಆದ್ರ ಹೇಳಿದ್ರ ನೀವೆಲ್ಲ ಪಿಸುಪಿಸು ಪಾಠ ಮಾಡ್ತಿದ್ರಿ. ಅದು ಬಿಡ್ರಿ. ನಿಮ್ಮ ವರ್ಗದ ಅರ್ಜಿ ನಾನ ಕೈಲೇ ಒಯ್ದು ಕೊಟ್ಟು ಬಂದೇನಿ. ಬ್ಯಾಸಿಗಿ ಸೂಟಿ ಮುಗದು ಸಾಲಿ ಶುರುವಾಗೋದ್ರಾಗ ಆಗ್ತದ ಅಂದಾರ."

ನನ್ನ ನಾಲಿಗೆ ತಡೆಯಲಿಲ್ಲ. "ಸರ, ಶಿಫಾರಸು ಯಾವ ಪಾಠಕ್ಕ ಮಾಡೀರಿ? ಹೊಳಿ ಪಾಠಕ್ಕೋ, ಮೊನ್ನಿ ವಾರದ್ದಕ್ಕೋ?"

ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. "ಗಂಡ ಹೆಂಡ್ತಿ ಜಿಲ್ಲಾದ ಎರಡು ತುದಿಗೆ ಅದಾರ, ಕೂಡಸ್ರಿ ಅಂತ ಬರದೇನಿ. ಅದರಾಗ ಪಾಠ ಎಲ್ಲಿಂದ ಬಂತ್ರಿ?"

ಇದನ್ನು ನಾನು ಅಂದು ನಂಬಲಿಲ್ಲ. ಇಷ್ಟು ಸರಳವಾದ ಕಾರಣಕ್ಕೆ ಇಲಾಖೆಯಲ್ಲಿ ಯಾರಾದರೂ ಏನಾದರೂ ಮಾಡಿದ ಉದಾಹರಣೆ ನನ್ನ ಅನುಭವದಲ್ಲಿರಲಿಲ್ಲ. ಇಂದಿಗೂ ಪೂರ್ತಿ ನಂಬಿದ್ದೇನೆಂದು ಹೇಳಲಾರೆ. ಆದರೂ ಅಂದು ಮಧ್ಯಾಹ್ನ ಪರಸಿಯ ಮೇಲೆ ನೀರು ಸುರಿದೆ.

ಸಹೋದ್ಯೋಗಿಗಳಿಗೆ ಗೋಡೆಯ ಸತ್ಯ ಹೇಳಿದೆ. ಅವರು ಪರೀಕ್ಷೆ ಮಾಡದೆ ನಂಬುವವರಲ್ಲ. ಹೆಡ್‌ಮಾಸ್ತರರು ಹೊರಗಿದ್ದ ಒಂದು ಹೊತ್ತಿನಲ್ಲಿ ಇಬ್ಬರೂ ಕಚೇರಿಗೆ ಬಂದರು, ನನ್ನನ್ನೂ ಸಾಕ್ಷಿಗೆಂದು ಕರೆದರು. ಗಣಿತದ ಮಾಸ್ತರರು ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಗಂಭೀರವಾಗಿ ಆಲಿಸಿದರು. ಪಾಠದ ಒಂದು ಶಬ್ದವೂ ಕೇಳಿಸಲಿಲ್ಲ. ಕೇಳಿಸುವುದಾದರೂ ಹೇಗೆ? ಪಾಠ ಮಾಡುವವರೆಲ್ಲ ಆ ಕೋಣೆಯಲ್ಲೇ ನಿಂತಿದ್ದೆವು. ನಾನು ಅದನ್ನು ಹೇಳಲು ಬಾಯಿ ತೆರೆದೆ. ಅಕ್ಕೋರು, "ಸಾಕ್ರಿ, ಇನ್ನ ಗ್ವಾಡಿ ಮ್ಯಾಲೆ ಹಾಕಬ್ಯಾಡ್ರಿ" ಎಂದು ಹೊರಟೇಹೋದರು. ಬೇಸಿಗೆ ರಜೆಯಲ್ಲಿ ನನ್ನ ಆದೇಶ ಬಂದಾಗ ಅವರಿಬ್ಬರಿಗೂ ಇದ್ದ ಕೊನೆಯ ಅನುಮಾನವೂ ಪರಿಹಾರವಾಯಿತು.

ಮಟಕಿಯಿಂದ ನಡೆದು ಹೋಗುವಷ್ಟು ದೂರದ ಶಾಲೆ ಸಿಕ್ಕಿತು. ಹೆಂಡತಿ, "ಕಡೀಕ ಮಲಗಿದ್ದಕ್ಕರ ಬಿಟ್ರಲ್ಲ" ಎಂದಳು. ಅಲ್ಲವೆಂದು ವಾದಿಸಲು ನನ್ನಲ್ಲಿ ಆಧಾರವಿರಲಿಲ್ಲ. ಮೊದಲ ದಿನ ಹೊಸ ತರಗತಿಗೆ ಹೋದವನು ಮಕ್ಕಳ ಮುಖಕ್ಕಿಂತ ಮೊದಲು ಮೇಲೆ ನೋಡಿದೆ. ಗಟ್ಟಿ ಕಟ್ಟಡ. ನಾಲ್ಕೂ ಗೋಡೆ ಛಾವಣಿಗೆ ಮುಟ್ಟಿದ್ದವು. ಒಂದು ಎಳೆಯಷ್ಟೂ ಸಂದಿ ಇರಲಿಲ್ಲ. ವರಾಂಡದಲ್ಲಿ ಚರ್ಮದ ಚಪ್ಪಲಿಯ ಸಪ್ಪಳ, ಬೆತ್ತದ ಟಕಟಕ ಕೇಳುತ್ತಿತ್ತು. ಕುರ್ಚಿಯೂ ಮೆತ್ತಗಿತ್ತು. ಮಲಗಲು ಎಲ್ಲ ಅನುಕೂಲವಿತ್ತು.

ಮುಚ್ಚಿದ ಆ ಕೋಣೆಯಲ್ಲಿ ನಾನು ನೀರು ತರಿಸಿ, ಹೊಳೆ ಹರಿಸಿ, ಊರುಗಳನ್ನು ನಿಲ್ಲಿಸಿ, ಮೂಲೆಯ ಯಾವುದೋ ಕುರ್ಚಿಗೆ ಮುಟ್ಟಬೇಕೆಂಬಂತೆ ದನಿಯೆತ್ತಿ ಪಾಠ ಮಾಡತೊಡಗಿದೆ. ಬಾಗಿಲಲ್ಲಿ ಬೆತ್ತ ಕಾಣಿಸಿತು. ಅಲ್ಲಿಯ ಹೆಡ್‌ಮಾಸ್ತರರು ಒದ್ದೆಯಾದ ನೆಲವನ್ನೂ ನನ್ನನ್ನೂ ಬಹಳ ಸಂಶಯದಿಂದ ನೋಡಿದರು.

"ಯಾಕ್ರಿ ಮಾಸ್ತರ, ಇಷ್ಟ ಜೋರ ಒದರಾಕತ್ತೀರಿ? ಯಾರಿಗೆ ಕೇಳಸಬೇಕಾಗ್ಯಾದ?"